ವಿಜ್ಞಾನ ವಿದುಷಿ ಲೀಸೆ ಮೈಟ್ನರ್

ಚಿನ್ನವನ್ನು ಎಷ್ಟು ಕಾಲ ಪೆಟ್ಟಿಗೆಯಲ್ಲಿಟ್ಟರೂ ಅದು ಚಿನ್ನವಾಗಿಯೇ ಉಳಿಯುತ್ತದೆ. ಕಬ್ಬಿಣವು ತುಕ್ಕು ಹಿಡಿದು ಪುಡಿಯಾದರೂ ಆ ತುಕ್ಕಿನೊಳಗಿರುವ ಕಬ್ಬಿಣದ ಪರಮಾಣು ಕಬ್ಬಿಣದ ಪರಮಾಣುವೇ. ಆದುದರಿಂದ ಮೂಲವಸ್ತುಗಳು ಶಾಶ್ವತವಾದುವೆಂದೂ, ಒಂದು ಮೂಲವಸ್ತು ಇನ್ನೊಂದಾಗಿ ಎಂದಿಗೂ ಮಾರ್ಪಡಲಾರದೆಂದೂ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿದ್ವಾಂಸರು ನಂಬಿದ್ದರು. ಯುರೇನಿಯಮ್, ಥೋರಿಯಮ್, ರೇಡಿಯಮ್ ಮೊದಲಾದ ಭಾರವಾದ ಮೂಲವಸ್ತುಗಳು ಈ ನಂಬಿಕೆಯನ್ನು ಸುಳ್ಳುಮಾಡಿದುವು. ಇವು ಯಾರ ಪ್ರೇರಣೆಯೂ ಇಲ್ಲದೆ ತಮ್ಮಷ್ಟಕ್ಕೆ ತಾವೇ ಕಿರಣಗಳನ್ನು ಹೊರಸೂಸುತ್ತ ಬೇರೆ ಮೂಲವಸ್ತುಗಳಾಗಿ ಪರಿವರ್ತನೆ ಹೊಂದುತ್ತವೆ. ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು ಎಂಬಂತೆ ಈ ಪರಂಪರೆ ಮುಂದುವರಿದು ಕೊನೆಗೆ ಸೀಸದಲ್ಲಿ ನಿಲ್ಲುತ್ತದೆ. ಪರಮಾಣುಗಳ ಈ ವಂಶಾವಳಿಯನ್ನು ಶೋಧಿಸುವುದಕ್ಕಾಗಿ ತಮ್ಮ ಬಾಳನ್ನೇ ಸವೆಸಿದ ಮಹನೀಯರು ಕೆಲವರುಂಟು. ಅವರಲ್ಲಿ ಮೇರಿ ಕ್ಯೂರಿಯ ಹೆಸರಿನೊಡನೆ ಸ್ಮರಿಸತಕ್ಕ ಇನ್ನೊಂದು ಹೆಸರು ಲೀಸೆ ಮೈಟ್ನರ್.

ಲೀಸೆ ೧೮೭೮ನೆಯ ಇಸವಿ ನವೆಂಬರ್ ತಿಂಗಳಿನಲ್ಲಿ ಆಸ್ಟ್ರಿಯದ ವಿಯೆನ್ನ ನಗರದ ಒಂದು ಯಹೂದ್ಯ ಮನೆತನದಲ್ಲಿ ಜನಿಸಿದಳು. ತಂದೆ ಫಿಲಿಪ್ ಮೈಟ್ನರ್ ವಕೀಲಿ ವೃತ್ತಿಯವನು, ತಾಯಿ ಹೆಡ್ವಿಗ್. ಎಂಟು ಮಂದಿ ಮಕ್ಕಳಲ್ಲಿ ಲೀಸೆ ಮೂರನೆಯವಳು. ಮನೆಯಲ್ಲಿ ಪುಸ್ತಕಗಳಿಗೂ ಸಂಗೀತಕ್ಕೂ ಕೊರತೆಯಿರಲಿಲ್ಲ. ಹೆಣ್ಣುಮಕ್ಕಳೂ ಗಂಡುಮಕ್ಕಳಂತೆಯೇ ಓದಿ ಸ್ವಂತ ಬುದ್ಧಿಯಿಂದ ಬದುಕಬೇಕೆಂಬುದು ತಂದೆತಾಯಿಗಳ ಅಭಿಲಾಷೆಯಾಗಿತ್ತು. ಗಣಿತದಲ್ಲಿಯೂ ಭೌತವಿಜ್ಞಾನದಲ್ಲಿಯೂ ಲೀಸೆಗೆ ಬಾಲ್ಯದಿಂದಲೇ ಒಲವು.

ಆದರೆ ಆ ಕಾಲದ ಆಸ್ಟ್ರಿಯದಲ್ಲಿ ಹೆಣ್ಣುಮಕ್ಕಳ ಸಾರ್ವಜನಿಕ ಶಿಕ್ಷಣವು ಹದಿನಾಲ್ಕನೆಯ ವಯಸ್ಸಿಗೇ ಮುಗಿದುಹೋಗುತ್ತಿತ್ತು. ಹುಡುಗರು ಎಂಟು ವರ್ಷ ವ್ಯಾಸಂಗಮಾಡುತ್ತಿದ್ದ ಪ್ರೌಢಶಾಲೆಯ ಬಾಗಿಲು ಅವರಿಗೆ ತೆರೆದಿರಲಿಲ್ಲ. ವಿಶ್ವವಿದ್ಯಾನಿಲಯದ ಮಾತಂತೂ ದೂರವೇ ಉಳಿಯಿತು. ಶಾಲೆ ಬಿಟ್ಟ ಲೀಸೆ ಫ್ರೆಂಚ್ ಭಾಷೆಯ ಉಪಾಧ್ಯಾಯಿನಿಯಾಗಲು ಬೇಕಾದ ಶಿಕ್ಷಣವನ್ನು ಪಡೆದಳು. ೧೮೯೭ರಲ್ಲಿ ಕಾಯಿದೆ ಬದಲಾಗಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಸ್ತ್ರೀಯರು ವಿಶ್ವವಿದ್ಯಾನಿಲಯವನ್ನು ಸೇರಬಹುದೆಂದಾಯಿತು. ಆಗ ಆಕೆ ಮನೆಪಾಠ ಹೇಳಿಸಿಕೊಂಡು, ಎಂಟು ವರ್ಷಗಳ ಪಾಠವನ್ನು ಎರಡೇ ವರ್ಷಗಳಲ್ಲಿ ಕಲಿತು, ೧೯೦೧ರಲ್ಲಿ ಪರೀಕ್ಷೆಗೆ ಕುಳಿತಳು. ಆ ಸಲ ಪರೀಕ್ಷೆಗೆ ಕುಳಿತ ಹದಿನಾಲ್ವರು ಯುವತಿಯರಲ್ಲಿ ಉತ್ತೀರ್ಣರಾದವರು ನಾಲ್ವರು. ಲೀಸೆ ಆ ನಾಲ್ವರಲ್ಲಿ ಒಬ್ಬಳು.

ವಿಯೆನ್ನ ವಿಶ್ವವಿದ್ಯಾನಿಲಯದಲ್ಲಿ ಆಕೆಗೆ ಲುಡ್ವಿಗ್ ಬೋಲ್ಟ್ಸ್‌ಮನ್ ಎಂಬ ಶ್ರೇಷ್ಠ ಗುರು ದೊರೆತನು. ಕಣ್ಣಿಗೆ ಕಾಣದ ಪರಮಾಣುಗಳು ನಿಜವಾಗಿಯೂ ಇವೆಯೆಂದು, ಅನೇಕ ವಿದ್ವಾಂಸರು ಅದನ್ನು ಒಪ್ಪದಿದ್ದ ಕಾಲದಲ್ಲಿ, ದೃಢವಾಗಿ ಸಾರಿದವನು ಆತ. ಪ್ರಕೃತಿಯ ಸತ್ಯವನ್ನು ಅರಿಯುವುದೇ ಒಂದು ಪರಮ ಪುರುಷಾರ್ಥವೆಂಬ ಭಾವನೆ ಆತನ ಉಪನ್ಯಾಸಗಳಿಂದ ಲೀಸೆಯ ಮನಸ್ಸಿನಲ್ಲಿ ಬೇರೂರಿತು. ೧೯೦೬ರಲ್ಲಿ ಆಕೆ ಡಾಕ್ಟರ್ ಪದವಿಯನ್ನು ಗಳಿಸಿದಳು. ಭೌತವಿಜ್ಞಾನದಲ್ಲಿ ಈ ಪದವಿಯನ್ನು ಆ ವಿಶ್ವವಿದ್ಯಾನಿಲಯದಿಂದ ಪಡೆದ ಸ್ತ್ರೀಯರಲ್ಲಿ ಆಕೆ ಎರಡನೆಯವಳು.

ಮರುವರ್ಷ, ಮ್ಯಾಕ್ಸ್ ಪ್ಲಾಂಕ್ ಎಂಬ ಪ್ರಸಿದ್ಧ ಆಚಾರ್ಯನ ಉಪನ್ಯಾಸಗಳನ್ನು ಕೇಳಲು ಆಕೆ ಜರ್ಮನಿಯ ಬರ್ಲಿನ್ ನಗರಕ್ಕೆ ಬಂದಳು. ಕೆಲವು ತಿಂಗಳು ಮಾತ್ರ ಅಲ್ಲಿರಬೇಕೆಂದು ಬಂದವಳು ಮೂವತ್ತೊಂದು ವರ್ಷ ಅಲ್ಲಿಯೇ ನಿಂತಳು. ಬರ್ಲಿನ್ನಿನಲ್ಲಿ ಆಕೆಗೆ ಆಟೊ ಹಾನ್ ಎಂಬ ತರುಣ ರಸಾಯನ ವಿಜ್ಞಾನಿಯ ಪರಿಚಯವಾಯಿತು. ಹಾನನು ಲಂಡನ್ನಿನಲ್ಲಿದ್ದಾಗ ರೇಡಿಯೊಥೋರಿಯಮ್ ಎಂಬ ಹೊಸ ವಿಕಿರಣಶೀಲ ವಸ್ತುವನ್ನು ಕಂಡುಹಿಡಿದು, ಬಳಿಕ ಕೆನಡಾದಲ್ಲಿ ರುದರ್‌ಫರ್ಡನ ಬಳಿ ಕೆಲಸಮಾಡಿ ಬಂದಿದ್ದನು. ವಸ್ತುಗಳನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ ಹಾನನು ನಿಪುಣ. ಅವು ಸೂಸುವ ಕಿರಣಗಳನ್ನು ಅಳೆದು ಅರ್ಥೈಸುವುದರಲ್ಲಿ ಮೈಟ್ನರ್ ನಿಪುಣೆ. ಹೀಗೆ ಒಬ್ಬರಿಗೊಬ್ಬರು ಪೂರಕವಾದ ಇಬ್ಬರ ಸಹಯೋಗವು ಆರಂಭವಾಯಿತು.

ಆದರೆ ಅಲ್ಲಿಯೂ ಬಾಗಿಲು ಪೂರ್ತಿಯಾಗಿ ತೆರೆಯಲಿಲ್ಲ. ಹಾನನು ಕೆಲಸಮಾಡುತ್ತಿದ್ದ ರಸಾಯನ ಸಂಸ್ಥೆಯ ಮುಖ್ಯಸ್ಥನಾದ ಎಮಿಲ್ ಫಿಷರನು ಸ್ತ್ರೀಯರನ್ನು ಪ್ರಯೋಗಶಾಲೆಗೆ ಸೇರಿಸುತ್ತಿರಲಿಲ್ಲ. ಕಡೆಗೆ, ನೆಲಮಾಳಿಗೆಯಲ್ಲಿದ್ದ ಹಳೆಯ ಬಡಗಿಯ ಕೋಣೆಯಲ್ಲಿ ಆಕೆ ಕೆಲಸಮಾಡಬಹುದು, ಆದರೆ ಮೇಲಂತಸ್ತುಗಳಿಗೆ ಕಾಲಿಡಕೂಡದು ಎಂಬ ನಿಬಂಧನೆಯೊಡನೆ ಒಪ್ಪಿಗೆ ಕೊಟ್ಟನು. ಆ ಕೋಣೆಗೆ ಹೊರಗಿನಿಂದ ಬೇರೆ ಬಾಗಿಲಿತ್ತು. ಡಾಕ್ಟರ್ ಪದವಿಯನ್ನು ಪಡೆದಿದ್ದ ವಿದುಷಿ ಆ ಬಾಗಿಲಿನಿಂದ ಒಳಹೋಗಿ ಅದೇ ಬಾಗಿಲಿನಿಂದ ಹೊರಬರುತ್ತಿದ್ದಳು. ಸಂಬಳವೂ ಇರಲಿಲ್ಲ, ತಂದೆಯ ಮನೆಯಿಂದ ಬರುತ್ತಿದ್ದ ಅಲ್ಪ ಹಣದಲ್ಲಿ ಜೀವನ ಸಾಗಬೇಕಾಗಿತ್ತು. ೧೯೦೮ರಲ್ಲಿ ಪ್ರಷ್ಯದ ವಿಶ್ವವಿದ್ಯಾನಿಲಯಗಳು ಸ್ತ್ರೀಯರಿಗೆ ಪ್ರವೇಶ ನೀಡಿದ ಮೇಲೆ ಫಿಷರನು ಈ ನಿರ್ಬಂಧವನ್ನು ತೆಗೆದುಹಾಕಿದನಲ್ಲದೆ ಮುಂದೆ ಆಕೆಯ ಹಿತೈಷಿಯೂ ಆದನು. ೧೯೧೨ರಲ್ಲಿ ಬರ್ಲಿನ್ನಿನ ಹೊರವಲಯದ ಡಾಲೆಮಿನಲ್ಲಿ ಕೈಸರ್ ವಿಲ್‌ಹೆಲ್ಮ್ ರಸಾಯನ ಸಂಸ್ಥೆ ತೆರೆದಾಗ ಇಬ್ಬರೂ ಅಲ್ಲಿಗೆ ತೆರಳಿದರು. ಅದೇ ವರ್ಷ ಪ್ಲಾಂಕನು ಆಕೆಯನ್ನು ತನ್ನ ಸಹಾಯಕಳನ್ನಾಗಿ ನೇಮಿಸಿಕೊಂಡನು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಆಕೆಗೆ ಮೊದಲ ಸಂಬಳ ದೊರೆಯಿತು.

ಈಗ ಆಕೆಯ ಕೆಲಸದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಪ್ರತಿಯೊಂದು ಪರಮಾಣುವಿನ ನಡುವೆ ಅತ್ಯಂತ ಸಣ್ಣದಾದ, ಆದರೆ ಪರಮಾಣುವಿನ ಭಾರವೆಲ್ಲ ತುಂಬಿಕೊಂಡಿರುವ ಒಂದು ಬೀಜಕೇಂದ್ರವುಂಟು. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್ ಎಂಬ ಕಣಗಳಿರುತ್ತವೆ. ಪ್ರೋಟಾನುಗಳ ಸಂಖ್ಯೆಯೇ ಮೂಲವಸ್ತುವಿನ ಕ್ರಮಾಂಕ. ಯುರೇನಿಯಮ್ಮಿಗೆ ೯೨, ಥೋರಿಯಮ್ಮಿಗೆ ೯೦, ಆಕ್ಟಿನಿಯಮ್ಮಿಗೆ ೮೯. ಕ್ರಮಾಂಕವು ಒಂದೇ ಆಗಿದ್ದು ನ್ಯೂಟ್ರಾನುಗಳ ಸಂಖ್ಯೆ ಮಾತ್ರ ಬೇರೆಯಾದರೆ ಅವನ್ನು ಒಂದೇ ಮೂಲವಸ್ತುವಿನ ಐಸೊಟೋಪುಗಳು, ಎಂದರೆ ಸಮಸ್ಥಾನಿಗಳು, ಎನ್ನುತ್ತಾರೆ. ಬೀಜಕೇಂದ್ರವು ಆಲ್ಫಾ ಕಣವನ್ನು ಹೊರದೂಡಿದರೆ ಕ್ರಮಾಂಕವು ಎರಡು ಕಡಮೆಯಾಗುತ್ತದೆ. ಬೀಟಾ ಕಣವನ್ನು ಹೊರದೂಡಿದರೆ ಒಂದು ಹೆಚ್ಚುತ್ತದೆ. ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಹೀಗೆ ಕ್ಷಯಿಸಲು ಹಿಡಿಯುವ ಕಾಲವೇ ಅದರ ಅರ್ಧಾಯುಷ್ಯ. ಕೆಲವು ಐಸೊಟೋಪುಗಳ ಅರ್ಧಾಯುಷ್ಯ ಕ್ಷಣಮಾತ್ರ. ಕೆಲವುಗಳದು ಕೋಟ್ಯಂತರ ವರ್ಷ. ಈ ಅರ್ಧಾಯುಷ್ಯವು ಮನುಷ್ಯನ ಬೆರಳಚ್ಚಿನಂತೆ ಪ್ರತಿಯೊಂದು ಐಸೊಟೋಪಿನ ಗುರುತು.

ಆಗ ವಿಜ್ಞಾನಿಗಳನ್ನು ಕಾಡುತ್ತಿದ್ದ ಒಂದು ಒಗಟು ಆಕ್ಟಿನಿಯಮ್ಮಿನದು. ೧೮೯೯ರಲ್ಲಿ ಪತ್ತೆಯಾದ ಈ ವಸ್ತುವಿನ ಅರ್ಧಾಯುಷ್ಯ ಇಪ್ಪತ್ತೆರಡು ವರ್ಷಗಳಿಗಿಂತಲೂ ಸ್ವಲ್ಪ ಕಡಮೆ. ಹಾಗಾದರೆ ಇನ್ನೂರಿಪ್ಪತ್ತು ವರ್ಷಗಳಲ್ಲಿ ಅದರ ಸಾವಿರದಲ್ಲೊಂದು ಪಾಲು ಮಾತ್ರ ಉಳಿಯಬೇಕು. ಕೋಟ್ಯಂತರ ವರ್ಷಗಳಷ್ಟು ಹಳೆಯದಾದ ಅದುರಿನಲ್ಲಿ ಅದು ಇಂದಿಗೂ ದೊರೆಯುವುದು ಹೇಗೆ? ತೂಬು ತೆರೆದಿದ್ದರೂ ಕೆರೆ ಬತ್ತದಿದ್ದರೆ ಎಲ್ಲಿಂದಲೋ ನೀರು ಬಂದು ಸೇರುತ್ತಿರಲೇಬೇಕು. ಅದರಂತೆ ಆಕ್ಟಿನಿಯಮ್ಮನ್ನು ಸದಾ ಹಡೆಯುತ್ತಿರುವ, ದೀರ್ಘಾಯುಷ್ಯವುಳ್ಳ ಒಬ್ಬ ತಾಯಿ ಆ ಅದುರಿನಲ್ಲಿಯೇ ಅಡಗಿರಬೇಕು. ಆ ತಾಯಿಯು ಆಲ್ಫಾ ಕಣವನ್ನು ಸೂಸುವಂಥದಾದರೆ ಅದರ ಕ್ರಮಾಂಕ ೯೧ ಆಗಬೇಕು. ಆವರ್ತ ಕೋಷ್ಟಕದಲ್ಲಿ ಥೋರಿಯಮ್ಮಿಗೂ ಯುರೇನಿಯಮ್ಮಿಗೂ ನಡುವೆ ಆ ಸ್ಥಾನವು ಮೆಂಡೆಲೀವನ ಕಾಲದಿಂದಲೂ ತೆರವಾಗಿತ್ತು. ೧೯೧೩ರಲ್ಲಿ ಫಯಾನ್ಸ್ ಮತ್ತು ಗೋರಿಂಗ್ ಎಂಬಿಬ್ಬರು ಆ ಸ್ಥಾನಕ್ಕೆ ಸೇರಿದ ಒಂದು ಐಸೊಟೋಪನ್ನು ಕಂಡಿದ್ದರು. ಆದರೆ ಅದರ ಅರ್ಧಾಯುಷ್ಯ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ. ಆಕ್ಟಿನಿಯಮ್ಮಿನ ತಾಯಿ ಇನ್ನೂ ಸಿಕ್ಕಿರಲಿಲ್ಲ.

ಹಾನ್ ಮತ್ತು ಮೈಟ್ನರ್ ಈ ಶೋಧಕ್ಕೆ ಕೈಹಾಕಿದ ಸ್ವಲ್ಪ ಕಾಲದಲ್ಲಿಯೇ, ೧೯೧೪ರಲ್ಲಿ, ಮೊದಲನೆಯ ಮಹಾಯುದ್ಧವು ಸಿಡಿಯಿತು. ಹಾನನು ಸೈನ್ಯಕ್ಕೆ ಹೋದನು. ಮೈಟ್ನರ್ ಆಸ್ಟ್ರಿಯದ ಸೈನ್ಯದ ಆಸ್ಪತ್ರೆಯಲ್ಲಿ ಎಕ್ಸ್-ಕಿರಣ ಯಂತ್ರವನ್ನು ನಡೆಸುತ್ತ ಗಾಯಾಳುಗಳ ಶುಶ್ರೂಷೆ ಮಾಡಿದಳು. ೧೯೧೬ರಲ್ಲಿ ಬರ್ಲಿನ್ನಿಗೆ ಹಿಂದಿರುಗಿದಾಗ ಪ್ರಯೋಗಶಾಲೆ ಬರಿದಾಗಿತ್ತು, ಸಹಾಯಕರೆಲ್ಲ ರಣರಂಗದಲ್ಲಿದ್ದರು. ಆಕೆ ಒಬ್ಬಳೇ ಕೆಲಸವನ್ನು ಮುಂದುವರಿಸಿದಳು. ೧೯೧೭ರಲ್ಲಿ ೨೧ ಗ್ರಾಂ ಪಿಚ್‌ಬ್ಲೆಂಡ್ ಅದುರನ್ನು ತೆಗೆದುಕೊಂಡು ಆಮ್ಲಗಳಲ್ಲಿ ಕರಗಿಸಿ, ೯೧ನೆಯ ಮೂಲವಸ್ತುವು ಟ್ಯಾಂಟಲಮ್ ಲೋಹವನ್ನು ಹೋಲಬೇಕೆಂಬ ಊಹೆಯಿಂದ ಅದರ ಜೊತೆಗಾರರ ಗುಂಪನ್ನು ಬೇರ್ಪಡಿಸಿದಳು. ಅದು ಆಲ್ಫಾ ಕಿರಣಗಳನ್ನು ಸೂಸುತ್ತಿತ್ತು. ಆದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿರಲಿಲ್ಲ. ತಾಯಿ ಎನಿಸಬೇಕಾದರೆ ಮಗಳು ಹುಟ್ಟಬೇಕಲ್ಲವೇ? ಆಕ್ಟಿನಿಯಮ್ಮನ್ನು ಪೂರ್ಣವಾಗಿ ತೆಗೆದುಹಾಕಿದ ಆ ಪುಡಿಯಲ್ಲಿ ಹೊಸದಾಗಿ ಆಕ್ಟಿನಿಯಮ್ ಹುಟ್ಟುತ್ತಿದೆಯೇ ಎಂದು ಆಕೆ ತಿಂಗಳುಗಟ್ಟಲೆ ಅಳೆಯುತ್ತ ಹೋದಳು. ಅದು ಹುಟ್ಟುತ್ತಿತ್ತು, ಕಾಲ ಕಳೆದಂತೆ ಬೆಳೆಯುತ್ತಲೂ ಇತ್ತು.

೧೯೧೮ರ ಮಾರ್ಚ್ ತಿಂಗಳಲ್ಲಿ ಈ ಶೋಧದ ಲೇಖನವನ್ನು ಪ್ರಕಟಣೆಗೆ ಕಳುಹಿಸಲಾಯಿತು. ಕೆಲಸದ ಬಹುಭಾಗವನ್ನು ತಾನೇ ಮಾಡಿದ್ದರೂ ಯುದ್ಧಭೂಮಿಯಲ್ಲಿದ್ದ ಹಾನನ ಹೆಸರನ್ನು ಆಕೆ ಮೊದಲು ಬರೆದಳು. ಹೊಸ ಮೂಲವಸ್ತುವಿಗೆ ಪ್ರೋಟೊಆಕ್ಟಿನಿಯಮ್, ಎಂದರೆ ಆಕ್ಟಿನಿಯಮ್ಮಿಗೆ ಮೊದಲಿನದು, ಎಂದು ನಾಮಕರಣವಾಯಿತು. ಇಂದು ಅದನ್ನು ಪ್ರೋಟಾಕ್ಟಿನಿಯಮ್ ಎನ್ನುತ್ತೇವೆ. ಅದೇ ಸುಮಾರಿಗೆ ಬ್ರಿಟನ್ನಿನಲ್ಲಿ ಸಾಡಿ ಮತ್ತು ಕ್ರಾನ್‌ಸ್ಟನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡುಹಿಡಿದರು. ಆಕೆ ಕಂಡ ಐಸೊಟೋಪಿನಲ್ಲಿ ೯೧ ಪ್ರೋಟಾನುಗಳೂ ೧೪೦ ನ್ಯೂಟ್ರಾನುಗಳೂ ಇವೆ. ಅರ್ಧಾಯುಷ್ಯ ಸುಮಾರು ೩೩,೦೦೦ ವರ್ಷ. ಮಗಳ ಜನನವನ್ನು ಕಾದು ನೋಡಿ ತಾಯಿಯನ್ನು ಗುರುತಿಸುವ ಈ ತಾಳ್ಮೆಯ ಮಾರ್ಗವನ್ನು ನಾವು ನೆನಪಿನಲ್ಲಿಡಬೇಕು.

ಯುದ್ಧದ ಅನಂತರ ಆಕೆಗೆ ಸ್ವಂತ ವಿಭಾಗವೂ, ೧೯೨೬ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ಥಾನವೂ ದೊರೆತುವು. ಜರ್ಮನಿಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕಿಯಾದ ಮೊದಲ ಸ್ತ್ರೀ ಆಕೆ. ಆ ವರ್ಷಗಳಲ್ಲಿ ಆಕೆಯ ಗಮನವೆಲ್ಲ ಬೀಟಾ ಕ್ಷಯದ ಕಡೆಗಿತ್ತು. ಒಂದು ಬಗೆಯ ಬೀಜಕೇಂದ್ರದಿಂದ ಹೊರಡುವ ಬೀಟಾ ಕಣಗಳೆಲ್ಲವೂ ಒಂದೇ ವೇಗದವಾಗಿರಬೇಕೆಂದು ಆಕೆ ಬಹುಕಾಲ ವಾದಿಸಿದ್ದಳು. ಚಾಡ್‌ವಿಕ್, ಎಲಿಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳ ಪ್ರಯೋಗಗಳು ಇದಕ್ಕೆ ವಿರುದ್ಧವಾಗಿದ್ದುವು. ೧೯೨೭ರಲ್ಲಿ ಎಲಿಸ್ ಮತ್ತು ವೂಸ್ಟರ್ ಈ ಕಣಗಳ ಶಾಖವನ್ನೇ ಅಳೆದು, ಅವುಗಳ ಶಕ್ತಿ ಒಂದೇ ತೆರನಾಗಿಲ್ಲವೆಂದು ತೋರಿಸಿದರು. ಮೈಟ್ನರ್ ಸುಮ್ಮನೆ ಹಟಹಿಡಿಯಲಿಲ್ಲ. ಆರ್ತ್‌ಮನ್ ಎಂಬ ಸಹೋದ್ಯೋಗಿಯೊಡನೆ ಅದೇ ಪ್ರಯೋಗವನ್ನು ಇನ್ನೂ ಸೂಕ್ಷ್ಮವಾದ ಉಪಕರಣಗಳಿಂದ ಮಾಡಿ, ೧೯೩೦ರಲ್ಲಿ ಫಲಿತಾಂಶವನ್ನು ಪ್ರಕಟಿಸಿದಳು. ಎಲಿಸನ ಮಾತೇ ನಿಜವಾಗಿತ್ತು. ಅದನ್ನು ಆಕೆ ಬಹಿರಂಗವಾಗಿ ಒಪ್ಪಿಕೊಂಡಳು. ಹಾಗಾದರೆ ಉಳಿದ ಶಕ್ತಿ ಎಲ್ಲಿಗೆ ಹೋಗುತ್ತದೆ? ಕಣ್ಣಿಗೂ ಉಪಕರಣಕ್ಕೂ ಸಿಕ್ಕದ ಇನ್ನೊಂದು ಕಣ ಅದನ್ನು ಒಯ್ಯುತ್ತಿರಬಹುದೆಂದು ಪೌಲಿ ಎಂಬ ತರುಣ ವಿದ್ವಾಂಸನು ಆ ವರ್ಷದ ಡಿಸೆಂಬರಿನಲ್ಲಿ ಮೈಟ್ನರ್ ಮೊದಲಾದವರಿಗೆ ಬರೆದ ಪತ್ರದಲ್ಲಿ ಸೂಚಿಸಿದನು. ಅದೇ ಇಂದಿನ ನ್ಯೂಟ್ರಿನೊ. ೧೯೫೬ರಲ್ಲಿ ಅದರ ಅಸ್ತಿತ್ವವು ಪ್ರಯೋಗದಿಂದ ಸಿದ್ಧವಾಯಿತು.

೧೯೩೩ರಲ್ಲಿ ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದನು. ಯಹೂದ್ಯ ಮೂಲದವರನ್ನು ಸರಕಾರಿ ಉದ್ಯೋಗಗಳಿಂದ ತೆಗೆದುಹಾಕುವ ಕಾಯಿದೆ ಬಂತು. ಮೈಟ್ನರ್ ಬಹು ಹಿಂದೆಯೇ ಕ್ರೈಸ್ತ ಮತವನ್ನು ಸ್ವೀಕರಿಸಿದ್ದರೂ ಹುಟ್ಟನ್ನು ಎಣಿಸಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುವ ಹಕ್ಕನ್ನು ಕಿತ್ತುಕೊಂಡರು. ಆಕೆ ಆಸ್ಟ್ರಿಯದ ಪ್ರಜೆಯಾಗಿದ್ದುದರಿಂದ ಡಾಲೆಮಿನ ಸಂಸ್ಥೆಯಲ್ಲಿ ಕೆಲಸಮಾಡುವುದಕ್ಕೆ ಮಾತ್ರ ಆಗ ಅಡ್ಡಿಯಾಗಲಿಲ್ಲ. ತಾನು ಕೈಯಾರೆ ಕಟ್ಟಿದ ವಿಭಾಗವನ್ನು ಬಿಟ್ಟುಹೋಗಲು ಮನಸ್ಸೊಪ್ಪದೆ ಆಕೆ ಅಲ್ಲಿಯೇ ಉಳಿದಳು. ಆಗಲೇ ಜರ್ಮನಿಯನ್ನು ತೊರೆಯದೆ ಇದ್ದುದು ನೈತಿಕವಾಗಿ ತಪ್ಪಾಯಿತೆಂಬ ನೋವು ಮುಂದೆ ಆಕೆಯನ್ನು ಕೊನೆಯವರೆಗೂ ಬಾಧಿಸಿತು.

೧೯೩೪ರಲ್ಲಿ ಇಟಲಿಯ ರೋಮ್ ನಗರದಲ್ಲಿ ಎನ್ರಿಕೊ ಫರ್ಮಿಯು ಯುರೇನಿಯಮ್ಮಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ಹೊಸ ವಿಕಿರಣಶೀಲ ವಸ್ತುಗಳನ್ನು ಪಡೆದನು. ಅವು ಯುರೇನಿಯಮ್ಮಿಗಿಂತಲೂ ಭಾರವಾದ, ಪ್ರಕೃತಿಯಲ್ಲಿ ಕಂಡಿಲ್ಲದ ಮೂಲವಸ್ತುಗಳಿರಬಹುದೆಂದು ಆತನ ಊಹೆ. ಈ ಸುದ್ದಿ ಮೈಟ್ನರಳ ಕುತೂಹಲವನ್ನು ಕೆರಳಿಸಿತು. ಆಕೆ ಹಾನನ ಮನವೊಲಿಸಿ ಮತ್ತೆ ಜೊತೆಯ ಸಂಶೋಧನೆಗೆ ತೊಡಗಿಸಿದಳು. ಫ್ರಿಟ್ಸ್ ಷ್ಟ್ರಾಸ್‌ಮನ್ ಎಂಬ ತರುಣ ರಸಾಯನಜ್ಞನೂ ಸೇರಿಕೊಂಡನು. ನಾಲ್ಕು ವರ್ಷಗಳ ಕಾಲ ಮೂವರೂ ದುಡಿದರು. ಇಪ್ಪತ್ತಮೂರು ನಿಮಿಷಗಳ ಅರ್ಧಾಯುಷ್ಯವುಳ್ಳ, ಯುರೇನಿಯಮ್ಮಿನದೇ ಆದ ಒಂದು ಹೊಸ ಐಸೊಟೋಪನ್ನು ಅವರು ಸರಿಯಾಗಿ ಗುರುತಿಸಿದರು. ಅದು ಬೀಟಾ ಕಣವನ್ನು ಸೂಸಿ ೯೩ನೆಯ ಮೂಲವಸ್ತುವಾಗಲೇಬೇಕಾಗಿತ್ತು. ಆದರೆ ಅವರ ನ್ಯೂಟ್ರಾನ್ ಆಕರವು ದುರ್ಬಲವಾಗಿದ್ದುದರಿಂದ ಆ ಮಗಳನ್ನು ಕಾಣಲಾಗಲಿಲ್ಲ. ೧೯೪೦ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಮತ್ತು ಏಬೆಲ್‌ಸನ್ ಅದನ್ನು ಕಂಡು ನೆಪ್ಚೂನಿಯಮ್ ಎಂದು ಹೆಸರಿಟ್ಟರು. ಉಳಿದ ಅನೇಕ ವಸ್ತುಗಳನ್ನು ಬರ್ಲಿನ್ನಿನ ಮೂವರು ಯುರೇನಿಯಮ್ಮಿಗಿಂತ ಭಾರವಾದುವೆಂದೇ ಎಣಿಸಿದ್ದರು. ಆದರೆ ಅವುಗಳ ವಂಶಾವಳಿ ದಿನೇ ದಿನೇ ಗೋಜಲಾಗುತ್ತ ಹೋಯಿತು.

ಗೋಜಲು ಬಿಡಿಸುವ ಮೊದಲೇ ವಿಪತ್ತು ಬಂದೊದಗಿತು. ೧೯೩೮ರ ಮಾರ್ಚಿನಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದನು. ಮೈಟ್ನರಳ ಆಸ್ಟ್ರಿಯದ ಪ್ರಜಾತ್ವಕ್ಕೆ ಬೆಲೆಯಿಲ್ಲವಾಯಿತು. ರಹದಾರಿ ಕೆಲಸಕ್ಕೆ ಬಾರದಾಯಿತು. ವಿಜ್ಞಾನಿಗಳು ದೇಶವನ್ನು ಬಿಡಕೂಡದೆಂಬ ಆಜ್ಞೆಯೂ ಹೊರಡುವುದರಲ್ಲಿತ್ತು. ಹಾಲೆಂಡಿನ ಡಿರ್ಕ್ ಕಾಸ್ಟರ್ ಎಂಬ ವಿಜ್ಞಾನಿ ತನ್ನ ಸರಕಾರದಿಂದ ಅನುಮತಿಯನ್ನು ದೊರಕಿಸಿಕೊಂಡು ಗುಟ್ಟಾಗಿ ಬರ್ಲಿನ್ನಿಗೆ ಬಂದನು. ಜುಲೈ ೧೩ರಂದು ಐವತ್ತೊಂಬತ್ತು ವರ್ಷದ ಮೈಟ್ನರ್ ಎರಡು ಸಣ್ಣ ಪೆಟ್ಟಿಗೆಗಳೊಡನೆ ರೈಲುಗಾಡಿ ಹತ್ತಿದಳು. ಕೈಚೀಲದಲ್ಲಿದ್ದುದು ಹತ್ತು ಮಾರ್ಕು ಮಾತ್ರ. ಕಷ್ಟಕಾಲಕ್ಕೆ ಒದಗಲೆಂದು ಹಾನನು ತನ್ನ ತಾಯಿಯ ವಜ್ರದುಂಗುರವನ್ನು ಆಕೆಗೆ ಕೊಟ್ಟಿದ್ದನು. ಗಡಿಯಲ್ಲಿ ಯಾರೂ ತಡೆಯಲಿಲ್ಲ. ಮೂವತ್ತೊಂದು ವರ್ಷಗಳ ದುಡಿಮೆಯನ್ನೂ, ಪುಸ್ತಕಗಳನ್ನೂ, ಉಪಕರಣಗಳನ್ನೂ ಹಿಂದೆ ಬಿಟ್ಟು ಆಕೆ ಹಾಲೆಂಡಿಗೂ, ಅಲ್ಲಿಂದ ಡೆನ್ಮಾರ್ಕಿಗೂ, ಕೊನೆಗೆ ಸ್ವೀಡನ್ನಿಗೂ ಹೋದಳು. ಸ್ಟಾಕ್‌ಹೋಮಿನಲ್ಲಿ ಸೀಗ್‌ಬಾನನ ಸಂಸ್ಥೆಯಲ್ಲಿ ಸ್ಥಳ ದೊರೆತರೂ ಬೇಕಾದ ಉಪಕರಣಗಳಾಗಲಿ ಸಹಾಯಕರಾಗಲಿ ದೊರೆಯಲಿಲ್ಲ.

ಆದರೂ ಪತ್ರಗಳ ಮೂಲಕ ಬರ್ಲಿನ್ನಿನ ಸಂಶೋಧನೆಯಲ್ಲಿ ಆಕೆ ಪಾಲುಗೊಳ್ಳುತ್ತಿದ್ದಳು. ನವೆಂಬರಿನಲ್ಲಿ ಹಾನನನ್ನು ಕೋಪನ್‌ಹೇಗನ್ನಿನಲ್ಲಿ ಗುಟ್ಟಾಗಿ ಕಂಡಾಗ, ಯುರೇನಿಯಮ್ಮಿನಿಂದ ರೇಡಿಯಮ್ ಹುಟ್ಟುವುದೆಂಬ ಆತನ ಫಲಿತಾಂಶವು ನಂಬತಕ್ಕದ್ದಲ್ಲವೆಂದೂ, ಅದನ್ನು ಮತ್ತೊಮ್ಮೆ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂದೂ ಒತ್ತಾಯಪಡಿಸಿದಳು. ಹಾನ್ ಮತ್ತು ಷ್ಟ್ರಾಸ್‌ಮನ್ ಪರೀಕ್ಷಿಸಿದರು. ರೇಡಿಯಮ್ ಎಂದು ತಿಳಿದಿದ್ದ ವಸ್ತು ಬೇರಿಯಮ್ ಆಗಿತ್ತು! ಬೇರಿಯಮ್ಮಿನ ಕ್ರಮಾಂಕ ೫೬. ಅದರ ಭಾರ ಯುರೇನಿಯಮ್ಮಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇದು ಹೇಗೆ ಸಾಧ್ಯವೆಂದು ಹಾನನು ಡಿಸೆಂಬರ್ ೧೯ರಂದು ಪತ್ರ ಬರೆದು ಆಕೆಯನ್ನೇ ಕೇಳಿದನು.

ಕ್ರಿಸ್‌ಮಸ್ ರಜೆಗೆ ಮೈಟ್ನರ್ ಸ್ವೀಡನ್ನಿನ ಕುಂಗೆಲ್ವ್ ಎಂಬ ಊರಿನಲ್ಲಿ ಸ್ನೇಹಿತರ ಬಳಿ ಇದ್ದಳು. ಆಕೆಯ ಅಕ್ಕನ ಮಗನಾದ ಆಟೊ ಫ್ರಿಷ್, ಅವನೂ ಭೌತವಿಜ್ಞಾನಿ, ಅಲ್ಲಿಗೆ ಬಂದಿದ್ದನು. ಚಿಕ್ಕಮ್ಮ ಹಾನನ ಪತ್ರವನ್ನು ಆತನ ಕೈಗಿತ್ತಳು. ಇಬ್ಬರೂ ಹಿಮದ ಮೇಲೆ ತಿರುಗಾಡುತ್ತ ಚರ್ಚಿಸಿದರು. ಬಳಿಕ ಒಂದು ಮರದ ದಿಮ್ಮಿಯ ಮೇಲೆ ಕುಳಿತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕತೊಡಗಿದರು. ಬೀಜಕೇಂದ್ರವು ಗಟ್ಟಿಯಾದ ಕಲ್ಲಿನಂತಿರದೆ ನೀರಿನ ಹನಿಯಂತಿದ್ದರೆ? ಯುರೇನಿಯಮ್ಮಿನ ೯೨ ಪ್ರೋಟಾನುಗಳು ಒಂದನ್ನೊಂದು ದೂಡುವುದರಿಂದ ಆ ಹನಿಯ ಬಿಗಿ ಬಹಳ ಸಡಿಲವಾಗಿರುತ್ತದೆ. ಒಂದು ನ್ಯೂಟ್ರಾನ್ ಬಂದು ತಾಗಿದರೆ ಅದು ನಡುಗಿ, ನೀಳವಾಗಿ, ನಡುವೆ ಸಣ್ಣಗಾಗಿ ಎರಡು ಹನಿಗಳಾಗಿ ಸೀಳಬಹುದು. ಸೀಳಿದ ಎರಡು ಭಾಗಗಳು ಸುಮಾರು ಇಪ್ಪತ್ತು ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಶಕ್ತಿಯಿಂದ ದೂರ ಸಿಡಿಯಬೇಕು. ಇಷ್ಟು ಶಕ್ತಿ ಎಲ್ಲಿಂದ ಬಂತು? ಬೀಜಕೇಂದ್ರಗಳ ತೂಕದ ಸೂತ್ರವು ಮೈಟ್ನರಳಿಗೆ ಬಾಯಿಪಾಠವಾಗಿತ್ತು. ಎರಡು ಭಾಗಗಳ ಒಟ್ಟು ತೂಕವು ಮೊದಲಿನದಕ್ಕಿಂತ ಒಂದು ಪ್ರೋಟಾನಿನ ಐದನೆಯ ಒಂದು ಪಾಲಿನಷ್ಟು ಕಡಮೆಯಾಗುವುದೆಂದು ಆಕೆ ಎಣಿಸಿದಳು. ಐನ್‌ಸ್ಟೈನನ ಸಮೀಕರಣದ ಪ್ರಕಾರ ಆ ನಷ್ಟವಾದ ದ್ರವ್ಯವು ಶಕ್ತಿಯಾದರೆ ಎಷ್ಟಾಗುತ್ತದೆ? ಅದೇ ಇಪ್ಪತ್ತು ಕೋಟಿ! ಎರಡು ಬೇರೆ ಬೇರೆ ದಾರಿಗಳಿಂದ ಬಂದ ಲೆಕ್ಕ ಒಂದೇ ಸಂಖ್ಯೆಯಲ್ಲಿ ಕೂಡಿತು. ಇದ್ದಲಿನ ಒಂದು ಪರಮಾಣು ಉರಿದಾಗ ಬರುವ ಶಕ್ತಿಗಿಂತ ಇದು ಸುಮಾರು ಐದು ಕೋಟಿ ಪಟ್ಟು ಹೆಚ್ಚು.

ಹಾನ್ ಮತ್ತು ಷ್ಟ್ರಾಸ್‌ಮನ್ ಬೇರಿಯಮ್ಮಿನ ಶೋಧವನ್ನು ೧೯೩೯ರ ಜನವರಿ ೬ರಂದು ಪ್ರಕಟಿಸಿದರು. ದೇಶಭ್ರಷ್ಟಳಾದ ಯಹೂದ್ಯ ಮೂಲದ ಸ್ತ್ರೀಯ ಹೆಸರನ್ನು ಅದರಲ್ಲಿ ಸೇರಿಸುವುದು ಆಗಿನ ಜರ್ಮನಿಯಲ್ಲಿ ಸಾಧ್ಯವಿರಲಿಲ್ಲ. ಮೈಟ್ನರ್ ಮತ್ತು ಫ್ರಿಷ್ ತಮ್ಮ ವಿವರಣೆಯನ್ನು ಫೆಬ್ರವರಿ ೧೧ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿ, ಈ ಕ್ರಿಯೆಗೆ ವಿದಳನವೆಂಬ ಅರ್ಥದ ಹೆಸರನ್ನಿಟ್ಟರು. ನಾಲ್ಕು ವರ್ಷ ಭಾರವಾದ ಮೂಲವಸ್ತುಗಳೆಂದು ತಾವು ಎಣಿಸಿದ್ದ ಬಹುತೇಕ ವಸ್ತುಗಳು ಸೀಳಿದ ಯುರೇನಿಯಮ್ಮಿನ ಹಗುರವಾದ ಚೂರುಗಳೆಂದು ಆಗ ತಿಳಿಯಿತು.

ಅದೇ ವರ್ಷ ಎರಡನೆಯ ಮಹಾಯುದ್ಧವು ಆರಂಭವಾಯಿತು. ವಿದಳನದ ಶಕ್ತಿಯಿಂದ ಬಾಂಬನ್ನು ನಿರ್ಮಿಸುವ ಕೆಲಸಕ್ಕೆ ಸೇರಬೇಕೆಂದು ೧೯೪೩ರಲ್ಲಿ ಮೈಟ್ನರಳಿಗೆ ಆಹ್ವಾನ ಬಂತು. ಒಪ್ಪಿದ್ದರೆ ಒಳ್ಳೆಯ ಪ್ರಯೋಗಶಾಲೆ, ಹಳೆಯ ಮಿತ್ರರ ಸಹವಾಸ, ಫ್ರಿಷನ ಸಾಮೀಪ್ಯ ಎಲ್ಲವೂ ದೊರೆಯುತ್ತಿದ್ದುವು. ಆಕೆ ಸ್ಪಷ್ಟವಾಗಿ ನಿರಾಕರಿಸಿದಳು. ಬಾಂಬಿನೊಡನೆ ತನಗೆ ಯಾವ ಸಂಬಂಧವೂ ಬೇಡವೆಂಬುದು ಆಕೆಯ ದೃಢ ನಿಶ್ಚಯ. ೧೯೪೫ರ ಆಗಸ್ಟಿನಲ್ಲಿ ಹಿರೋಷಿಮ ಸುಟ್ಟುಹೋದ ಸುದ್ದಿ ಬಂದಾಗ ಪತ್ರಿಕೆಗಳವರು ಆಕೆಯನ್ನು ಬಾಂಬಿನ ಜನನಿಯೆಂಬಂತೆ ಬಣ್ಣಿಸಿದುದು ಆಕೆಗೆ ತೀವ್ರ ವೇದನೆಯನ್ನುಂಟುಮಾಡಿತು.

ಆ ವರ್ಷ ನವೆಂಬರಿನಲ್ಲಿ, ೧೯೪೪ನೆಯ ಸಾಲಿನ ರಸಾಯನ ವಿಜ್ಞಾನದ ನೊಬೆಲ್ ಬಹುಮಾನವನ್ನು ವಿದಳನದ ಶೋಧಕ್ಕಾಗಿ ಹಾನನೊಬ್ಬನಿಗೇ ಕೊಡಲಾಯಿತು. ಅನೇಕ ವಿಜ್ಞಾನಿಗಳು ಮೈಟ್ನರಳ ಹೆಸರನ್ನು ವರ್ಷ ವರ್ಷವೂ ಸೂಚಿಸಿದರೂ ಆ ಬಹುಮಾನವು ಆಕೆಗೆ ಕೊನೆಯವರೆಗೂ ದೊರೆಯಲಿಲ್ಲ. ಬಹುಮಾನಕ್ಕಿಂತಲೂ, ಮೂವತ್ತು ವರ್ಷ ಜೊತೆಯಲ್ಲಿ ದುಡಿದ ಮಿತ್ರನು ವಿದಳನವನ್ನು ರಸಾಯನಶಾಸ್ತ್ರದ ಶೋಧವೆಂದಷ್ಟೇ ಹೇಳುತ್ತ ತನ್ನ ಪಾಲನ್ನು ಮರೆತನಲ್ಲಾ ಎಂಬುದೇ ಆಕೆಗೆ ಹೆಚ್ಚು ನೋವು ತಂದಿತು. ಹಿಟ್ಲರನ ಆಳಿಕೆಯಲ್ಲಿ ಮೌನವಾಗಿದ್ದ ಜರ್ಮನ್ ವಿಜ್ಞಾನಿಗಳ ನಡತೆಯನ್ನು ಆಕೆ ಕಠಿಣವಾಗಿಯೇ ಖಂಡಿಸಿದಳು. ಆದರೂ ಹಾನನ ಸ್ನೇಹವನ್ನು ಕಡಿದುಕೊಳ್ಳಲಿಲ್ಲ. ತಪ್ಪನ್ನು ತಪ್ಪೆನ್ನುವ ಧೈರ್ಯವೂ ಮನುಷ್ಯರನ್ನು ಕೈಬಿಡದ ಮಮತೆಯೂ ಆಕೆಯಲ್ಲಿ ಒಟ್ಟಿಗೆ ಇದ್ದುವು.

ಮುಂದೆ ಗೌರವಗಳು ಬಂದುವು. ೧೯೪೯ರಲ್ಲಿ ಹಾನನೊಡನೆ ಮ್ಯಾಕ್ಸ್ ಪ್ಲಾಂಕ್ ಪದಕ, ೧೯೫೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತುವು. ೧೯೬೦ರಲ್ಲಿ ಆಕೆ ಬಂಧುಗಳಿಗೆ ಹತ್ತಿರವಿರಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದಳು. ೧೯೬೬ರಲ್ಲಿ ಅಮೆರಿಕದ ಫರ್ಮಿ ಪ್ರಶಸ್ತಿಯನ್ನು ಹಾನ್, ಮೈಟ್ನರ್, ಷ್ಟ್ರಾಸ್‌ಮನ್ ಮೂವರಿಗೂ ಒಟ್ಟಿಗೆ ನೀಡಲಾಯಿತು. ಪ್ಲುಟೋನಿಯಮ್ಮನ್ನು ಶೋಧಿಸಿದ ಸೀಬೋರ್ಗನು ತಾನೇ ಕೇಂಬ್ರಿಜ್‌ಗೆ ಬಂದು ವಯೋವೃದ್ಧೆಯ ಕೈಗೆ ಅದನ್ನು ಅರ್ಪಿಸಿದನು. ೧೯೬೮ರ ಅಕ್ಟೋಬರ್ ೨೭ರಂದು, ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಆಕೆ ನಿಧನಹೊಂದಿದಳು. ಅದೇ ವರ್ಷ ಜುಲೈಯಲ್ಲಿ ಹಾನನು ತೀರಿಕೊಂಡಿದ್ದನು.

ಆಕೆಯ ಹೆಸರು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. ೧೯೮೨ರ ಆಗಸ್ಟ್ ೨೯ರಂದು ಜರ್ಮನಿಯ ಡಾರ್ಮ್‌ಷ್ಟಾಟ್ ನಗರದಲ್ಲಿ ಆರ್ಮ್‌ಬ್ರೂಸ್ಟರ್ ಮತ್ತು ಮ್ಯೂನ್ಸೆನ್‌ಬೆರ್ಗ್ ಎಂಬ ವಿಜ್ಞಾನಿಗಳ ತಂಡವು ಬಿಸ್ಮತ್ ಲೋಹದ ಮೇಲೆ ಕಬ್ಬಿಣದ ಬೀಜಕೇಂದ್ರಗಳನ್ನು ಅತಿವೇಗದಿಂದ ಹಾಯಿಸಿತು. ಬಿಸ್ಮತ್ತಿನ ೮೩, ಕಬ್ಬಿಣದ ೨೬, ಕೂಡಿದರೆ ೧೦೯. ಹುಟ್ಟಿದುದು ಒಂದೇ ಒಂದು ಪರಮಾಣು. ಅದು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿನಷ್ಟು ಕಾಲ ಬದುಕಿ, ಒಂದು ಆಲ್ಫಾ ಕಣವನ್ನು ಸೂಸಿ ೧೦೭ ಆಯಿತು. ಅದು ಮತ್ತೊಂದನ್ನು ಸೂಸಿ ೧೦೫ ಆಯಿತು. ಸುಮಾರು ಹದಿಮೂರು ಸೆಕೆಂಡುಗಳ ಬಳಿಕ ಅದರ ಸಂತತಿಯು ವಿದಳನಗೊಂಡು ಎರಡಾಗಿ ಸೀಳಿತು. ಕಣ್ಣಿಗೆ ಕಾಣದ ಆ ತಾಯಿಯನ್ನು ವಿಜ್ಞಾನಿಗಳು ಗುರುತಿಸಿದುದು ಮಕ್ಕಳು ಮೊಮ್ಮಕ್ಕಳಿಂದ. ಮೈಟ್ನರ್ ೧೯೧೭ರಲ್ಲಿ ಆಕ್ಟಿನಿಯಮ್ಮಿನ ತಾಯಿಯನ್ನು ಗುರುತಿಸಿದುದೂ ಹೀಗೆಯೇ. ಆ ವಂಶದ ಕೊನೆಯಲ್ಲಿ ಕಂಡುಬಂದುದು ಆಕೆಯೇ ಮೊದಲು ವಿವರಿಸಿದ ವಿದಳನ. ೧೦೯ನೆಯ ಮೂಲವಸ್ತುವಿಗೆ ೧೯೯೭ರಲ್ಲಿ ಮೈಟ್ನೇರಿಯಮ್ ಎಂಬ ಹೆಸರು ಅಧಿಕೃತವಾಯಿತು. ಆವರ್ತ ಕೋಷ್ಟಕದಲ್ಲಿ ಹಾನನ ಹೆಸರಿನ ಮೂಲವಸ್ತುವಿಲ್ಲ.

ನಮ್ಮ ದೇಶಕ್ಕೂ ಆಕೆಯ ಶೋಧಕ್ಕೂ ಸಂಬಂಧವುಂಟು. ಮುಂಬಯಿಗೆ ಉತ್ತರದಲ್ಲಿರುವ ತಾರಾಪುರದಲ್ಲಿಯೂ ಉತ್ತರ ಕನ್ನಡದ ಕೈಗಾದಲ್ಲಿಯೂ ವಿದ್ಯುತ್ತನ್ನು ಹುಟ್ಟಿಸಿದುದು ಯುರೇನಿಯಮ್ಮಿನ ವಿದಳನವೇ. ಕೇರಳದ ಕಡಲ ತೀರದ ಮರಳಿನಲ್ಲಿ ಹೇರಳವಾಗಿರುವ ಥೋರಿಯಮ್ ನ್ಯೂಟ್ರಾನನ್ನು ನುಂಗಿದರೆ ಪ್ರೋಟಾಕ್ಟಿನಿಯಮ್ಮಿನ ಇನ್ನೊಂದು ಐಸೊಟೋಪಾಗುತ್ತದೆ; ಅದು ಇಪ್ಪತ್ತೇಳು ದಿನಗಳ ಅರ್ಧಾಯುಷ್ಯದಿಂದ ಕ್ಷಯಿಸಿ ಯುರೇನಿಯಮ್ ೨೩೩ ಎಂಬ ಇಂಧನವಾಗುತ್ತದೆ. ಮದರಾಸಿಗೆ, ಎಂದರೆ ಇಂದಿನ ಚೆನ್ನೈಗೆ, ಸಮೀಪದ ಕಲ್ಪಾಕ್ಕಮಿನಲ್ಲಿ ೧೯೯೬ರಲ್ಲಿ ಆರಂಭವಾದ ಕಾಮಿನಿ ಎಂಬ ಸಣ್ಣ ಸ್ಥಾವರದ ಇಂಧನ ಅದೇ.

ವಿದ್ಯಾರ್ಥಿ ಮಿತ್ರರೇ, ಬಾಗಿಲು ಮುಚ್ಚಿದ್ದಾಗ ಲೀಸೆ ಮೈಟ್ನರ್ ಬಡಗಿಯ ಕೋಣೆಯಲ್ಲಿ ಕುಳಿತು ಕೆಲಸಮಾಡಿದಳು. ತನ್ನ ಅಭಿಪ್ರಾಯ ತಪ್ಪೆಂದು ಪ್ರಯೋಗವು ಹೇಳಿದಾಗ ಪ್ರಯೋಗಕ್ಕೆ ತಲೆಬಾಗಿದಳು. ದೇಶ ಕೈಬಿಟ್ಟಾಗ ವಿದ್ಯೆಯನ್ನು ಕೈಬಿಡಲಿಲ್ಲ. ವಿದ್ಯೆಯು ವಿನಾಶಕ್ಕೆ ಕರೆದಾಗ ಆ ಕರೆಗೆ ಓಗೊಡಲಿಲ್ಲ. ಕೀರ್ತಿ ಸಲ್ಲುವುದೂ ಸಲ್ಲದಿರುವುದೂ ಅನ್ಯರ ಕೈಯಲ್ಲಿದೆ. ಸತ್ಯವನ್ನು ತಾಳ್ಮೆಯಿಂದ ಅರಸುವುದು ಮಾತ್ರ ನಮ್ಮ ಕೈಯಲ್ಲಿದೆ. ಪ್ರಯೋಗಶಾಲೆಯ ಗೋಡೆಯ ಮೇಲಿನ ಆವರ್ತ ಕೋಷ್ಟಕದ ಮುಂದೆ ನಿಂತಾಗ ೯೧ನೆಯ ಮನೆಯನ್ನೂ ೧೦೯ನೆಯ ಮನೆಯನ್ನೂ ಒಮ್ಮೆ ಬೆರಳಿಟ್ಟು ನೋಡಿರಿ. ಒಂದು ಆಕೆಯು ಲೋಕಕ್ಕೆ ಕೊಟ್ಟುದು. ಇನ್ನೊಂದು ಲೋಕವು ತಡವಾಗಿ ಆಕೆಗೆ ಕೊಟ್ಟುದು.